ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಮೂವತ್ತು ವರ್ಷಗಳ ಹಿಂದಿನ ಮಾತು. ತಿಂಗಳ ಮೊದಲ ವಾರ. ಫೋರ್ಟ್‌ನಲ್ಲಿದ್ದ ನಮ್ಮ ಆಫೀಸಿನಿಂದ ಸಂಬಳದ ಹಣ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೊರಟಿದ್ದೆ. ಗಾಡಿ ಬದಲಿಸಬೇಕಾದ ಸ್ಟೇಷನ್ನಿನ ಪಾದಚಾರಿ ಸೇತುವೆ ಆ ಹೊತ್ತಿನಲ್ಲಿ ಹೇಗಿರುತ್ತದೆ ಎಂದು ಮುಂಬಯಿಯವರಿಗೆ ಹೇಳಬೇಕಾಗಿಲ್ಲ. ನಾವು ನಡೆಯುವುದಿಲ್ಲ, ಜನರೇ ನಮ್ಮನ್ನು ಒಯ್ಯುತ್ತಾರೆ. ಮೆಟ್ಟಿಲಿನ ಹತ್ತಿರ ಪ್ಯಾಂಟಿನ ಹಿಂಜೇಬು ಹಗುರಾದ ಹಾಗೆ ಅನಿಸಿ ಕೈ ಹಾಕಿದೆ. ಪರ್ಸ್ ಇರಲಿಲ್ಲ. ತಿರುಗಿ ನೋಡಿದಾಗ ನೀಲಿ ಅಂಗಿಯ ಒಬ್ಬ ಜನರ ನಡುವೆ ನುಸುಳಿ ಹೋಗುತ್ತಿದ್ದ. "ಚೋರ್, ಚೋರ್" ಎಂದು ಕೂಗಿದೆ.

ಮೆಟ್ಟಿಲಿನ ಬುಡದಲ್ಲಿ ಜನ ಒಬ್ಬ ಹುಡುಗನನ್ನು ಹಿಡಿದರು. ನಾನು ಇಳಿದು ಹೋಗುವಷ್ಟರಲ್ಲಿ ಅವನಿಗೆ ನಾಲ್ಕೈದು ಏಟು ಬಿದ್ದಿತ್ತು. ಒಬ್ಬ ಹವಾಲ್ದಾರ್ ಬಂದು ನನ್ನನ್ನು ಕೇಳಿದ, "ಹಾಚ್ ಕಾ?" ಇವನೇನಾ? ನಾನು ಹುಡುಗನ ಮುಖ ನೋಡಿದೆ. ಎಡ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗೆರೆ ಇತ್ತು. "ಹೋ, ಹಾಚ್" ಎಂದೆ. ಒಂದು ಕ್ಷಣವೂ ತಡವರಿಸಲಿಲ್ಲ. ಅವನ ಬಳಿ ಪರ್ಸ್ ಸಿಗಲಿಲ್ಲ. ಜೊತೆಗಾರನಿಗೆ ದಾಟಿಸಿರಬೇಕು ಎಂದರು ಜನ. ಹೌದು ಎಂದೆ ನಾನೂ. ಕ್ಯಾಂಟೀನಿನಲ್ಲಿ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದೇನೆ ಎಂದು ಅವನು ಅಳುತ್ತಾ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅವನನ್ನು ಕರೆದುಕೊಂಡು ಹೋದರು.

ಮೂರನೆಯ ದಿನ ಚೌಕಿಯಿಂದ ಕರೆ ಬಂತು. ಬೇರೊಂದು ಸ್ಟೇಷನ್ನಿನಲ್ಲಿ ಸಿಕ್ಕಿಬಿದ್ದ ಒಬ್ಬನ ಬಳಿ ನನ್ನ ಪರ್ಸ್ ಸಿಕ್ಕಿತ್ತು. ಹಣ ಇರಲಿಲ್ಲ, ನನ್ನ ಫೋಟೋ ಇದ್ದ ಪಾಸ್ ಹಾಗೆಯೇ ಇತ್ತು. ಆ ಮನುಷ್ಯನನ್ನೂ ನೋಡಿದೆ. ವಯಸ್ಸು ಮೂವತ್ತೈದರ ಆಚೆ, ದಪ್ಪ ಮೀಸೆ, ಗಿಡ್ಡ ಆಳು. ಆ ಹುಡುಗನಿಗೂ ಇವನಿಗೂ ಹೋಲಿಕೆ ಇದ್ದದ್ದು ಅಂಗಿಯ ಬಣ್ಣ ಒಂದರಲ್ಲೇ.

ಆ ಹುಡುಗನನ್ನು ಮರುದಿನ ಬೆಳಿಗ್ಗೆಯೇ ಬಿಟ್ಟಿದ್ದರಂತೆ. ಹೆಸರು, ವಿಳಾಸ ಯಾರೂ ಬರೆದುಕೊಂಡಿರಲಿಲ್ಲ. ಕ್ಷಮೆ ಕೇಳಲೂ ನನಗೆ ದಾರಿ ಉಳಿಯಲಿಲ್ಲ.

ಇಂದಿಗೂ ನನ್ನನ್ನು ಕಾಡುವ ಸಂಗತಿ ಇನ್ನೊಂದಿದೆ. ಅಂದು ರಾತ್ರಿ ಮನೆಯಲ್ಲಿ ಹೆಂಡತಿಗೆ ಕಳ್ಳನ ವರ್ಣನೆ ಮಾಡುವಾಗ, "ಜೇಬಿಗೆ ಕೈ ಹಾಕುವಾಗಲೇ ನೋಡಿದೆ, ಹುಬ್ಬಿನ ಮೇಲೆ ಗಾಯದ ಗುರುತು ಇತ್ತು" ಎಂದಿದ್ದೆ. ನಾನು ಸುಳ್ಳು ಹೇಳುತ್ತಿರಲಿಲ್ಲ. ನನ್ನ ನೆನಪಿನಲ್ಲಿ ಅದು ಹಾಗೆಯೇ ಇತ್ತು. ನಿಜವಾಗಿ ನಾನು ಕಂಡದ್ದು ಒಂದು ನೀಲಿ ಬೆನ್ನು ಮಾತ್ರ. ಮುಖವನ್ನು ಕಂಡದ್ದು ಜನ ಹಿಡಿದ ಮೇಲೆ. ಆ ಮುಖ ಹಿಂದಕ್ಕೆ ಹೋಗಿ ಆ ಬೆನ್ನಿಗೆ ಅಂಟಿಕೊಂಡಿತ್ತು.

ನಮ್ಮ ಹಿರಿಯರು "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದದ್ದು ಯಾಕೆ ಎಂದು ನನಗೆ ಅರ್ಥವಾದದ್ದು ಆಗ.

ನೂರು ದಿನಗಳ ನಂತರದ ನೆನಪು

ಆ ಹಳೆಯ ಘಟನೆ ಮತ್ತೆ ಎದ್ದು ಬಂದದ್ದು 2025ರ ಜುಲೈ 21ರಂದು, ಬಾಂಬೆ ಹೈಕೋರ್ಟಿನ ಒಂದು ತೀರ್ಪಿನ ಸುದ್ದಿ ಓದುವಾಗ.

2006ರ ಜುಲೈ 11ರ ಸಂಜೆಯನ್ನು ಪಶ್ಚಿಮ ರೈಲ್ವೆಯಲ್ಲಿ ಓಡಾಡಿದ ಯಾರೂ ಮರೆಯಲಾರರು. ಸುಮಾರು ಹನ್ನೊಂದು ನಿಮಿಷಗಳ ಅವಧಿಯಲ್ಲಿ ಏಳು ಲೋಕಲ್ ಗಾಡಿಗಳ ಮೊದಲ ದರ್ಜೆಯ ಡಬ್ಬಿಗಳಲ್ಲಿ ಬಾಂಬುಗಳು ಸಿಡಿದವು. ಮಾಟುಂಗಾ ರೋಡ್, ಮಾಹಿಮ್, ಬಾಂದ್ರಾ, ಖಾರ್, ಜೋಗೇಶ್ವರಿ, ಬೊರಿವಲಿ, ಮೀರಾ ರೋಡ್. 180ಕ್ಕೂ ಹೆಚ್ಚು ಮಂದಿ ಸತ್ತರು, 800ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಆ ರಾತ್ರಿ ಫೋನ್ ಸಿಗದೆ, ಮನೆಯವರು ಬಂದರೋ ಇಲ್ಲವೋ ಎಂದು ಬಾಗಿಲಲ್ಲಿ ಕಾದು ನಿಂತ ಕುಟುಂಬಗಳಲ್ಲಿ ನಮ್ಮ ಕನ್ನಡಿಗರ ಮನೆಗಳೂ ಇದ್ದವು.

2015ರಲ್ಲಿ ವಿಶೇಷ ನ್ಯಾಯಾಲಯ 12 ಮಂದಿಯನ್ನು ತಪ್ಪಿತಸ್ಥರೆಂದು ಹೇಳಿ ಐವರಿಗೆ ಮರಣದಂಡನೆ, ಏಳು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಹತ್ತು ವರ್ಷಗಳ ನಂತರ ಹೈಕೋರ್ಟು ಆ ಹನ್ನೆರಡೂ ಮಂದಿಯನ್ನು ಖುಲಾಸೆ ಮಾಡಿತು. ಆ ಹೊತ್ತಿಗೆ ಅವರಲ್ಲಿ ಒಬ್ಬ ಜೈಲಿನಲ್ಲೇ ತೀರಿಕೊಂಡಿದ್ದ. ಕಣ್ಸಾಕ್ಷಿಗಳು, ತಪ್ಪೊಪ್ಪಿಗೆ ಹೇಳಿಕೆಗಳು, ವಶಪಡಿಸಿಕೊಂಡ ವಸ್ತುಗಳು, ಈ ಮೂರನ್ನೂ ನಂಬಲಾಗದು ಎಂದಿತು. ತೀರ್ಪು ಬಂದ ಮೂರೇ ದಿನಕ್ಕೆ ಸುಪ್ರೀಂ ಕೋರ್ಟು, ಈ ತೀರ್ಪನ್ನು ಬೇರೆ ಪ್ರಕರಣಗಳಿಗೆ ಪೂರ್ವನಿದರ್ಶನವಾಗಿ ಬಳಸುವಂತಿಲ್ಲ ಎಂದು ತಡೆ ನೀಡಿತು. ಬಿಡುಗಡೆಯಾದವರು ಮತ್ತೆ ಜೈಲಿಗೆ ಹೋಗಬೇಕಾಗಿಲ್ಲ ಎಂದೂ ಹೇಳಿತು. ಆದ್ದರಿಂದ ಈ ಪ್ರಕರಣದಲ್ಲಿ ಕೊನೆಯ ಮಾತು ನನ್ನದೂ ಅಲ್ಲ, ನಿಮ್ಮದೂ ಅಲ್ಲ. ನಾನಿಲ್ಲಿ ಹಿಡಿದುಕೊಂಡಿರುವುದು ಕಣ್ಸಾಕ್ಷಿಯ ಎಳೆಯನ್ನು ಮಾತ್ರ.

ಆರೋಪಿಗಳನ್ನು ಚರ್ಚ್‌ಗೇಟ್ ಸ್ಟೇಷನ್ನಿಗೆ ಬಿಟ್ಟೆವು ಎಂದು ಹೇಳಿದ ಟ್ಯಾಕ್ಸಿ ಚಾಲಕರು ಆ ಸಾಕ್ಷಿಗಳಲ್ಲಿದ್ದರು. ಘಟನೆ ನಡೆದು ಸುಮಾರು ನೂರು ದಿನಗಳ ಕಾಲ ಅವರು ಯಾರಿಗೂ ಏನೂ ಹೇಳಿರಲಿಲ್ಲ. ದಿನಕ್ಕೆ ಎಷ್ಟೋ ಸವಾರಿಗಳನ್ನು ಕೂರಿಸಿಕೊಳ್ಳುವ ಚಾಲಕನಿಗೆ ನೂರು ದಿನಗಳ ಹಿಂದೆ ಹಿಂದಿನ ಸೀಟಿನಲ್ಲಿ ಕುಳಿತಿದ್ದ ಒಬ್ಬ ಅಪರಿಚಿತನ ಮುಖ ನೆನಪಿನಲ್ಲಿ ಉಳಿಯಲು ಏನಾದರೂ ವಿಶೇಷ ಕಾರಣ ಬೇಕಲ್ಲವೇ? ಅಂಥ ಕಾರಣ ತಮಗೆ ಕಾಣುತ್ತಿಲ್ಲ ಎಂದರು ನ್ಯಾಯಮೂರ್ತಿಗಳು. ಗುರುತು ಪತ್ತೆ ಪರೇಡ್ ನಡೆಸಿದ ಅಧಿಕಾರಿಗೆ ಆಗ ಅದನ್ನು ನಡೆಸುವ ಅಧಿಕಾರವೇ ಇರಲಿಲ್ಲ ಎಂಬುದೂ ಅವರ ಕಣ್ಣಿಗೆ ಬಿತ್ತು.

ಇದನ್ನು ಓದಿ ಒಮ್ಮೆ ಯೋಚಿಸಿ. ಹೋದ ವಾರ ನೀವು ಹತ್ತಿದ ರಿಕ್ಷಾದ ಚಾಲಕನ ಮುಖ ನಿಮಗೆ ನೆನಪಿದೆಯೇ?

ನೆನಪು ಫೋಟೋ ಅಲ್ಲ

ಕಣ್ಣು ಕ್ಯಾಮರಾ, ಮನಸ್ಸು ಅದರ ಆಲ್ಬಮ್, ಬೇಕಾದಾಗ ತೆಗೆದು ನೋಡಿದರಾಯಿತು ಎಂದು ನಾವೆಲ್ಲ ಭಾವಿಸಿರುತ್ತೇವೆ. ಮನೋವಿಜ್ಞಾನಿಗಳು ಹೇಳುವುದು ಬೇರೆಯೇ. ನೆನಪು ಅಜ್ಜಿ ಹೇಳುವ ಕತೆಯ ಹಾಗೆ. ಪ್ರತಿ ಸಲ ಹೇಳುವಾಗಲೂ ಹೊಸದಾಗಿ ಕಟ್ಟುತ್ತದೆ, ಕಟ್ಟುವಾಗ ಆಮೇಲೆ ಕೇಳಿದ್ದು, ಓದಿದ್ದು, ಊಹಿಸಿದ್ದು ಒಂದಿಷ್ಟು ಸೇರಿಕೊಳ್ಳುತ್ತದೆ.

ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಒಂದು ಪುಟ್ಟ ಚಿತ್ರ ತೋರಿಸಿದರು. ಐವತ್ತು ಮಂದಿಗೆ "ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ ಎಷ್ಟು ವೇಗ ಇತ್ತು?" ಎಂದೂ, ಇನ್ನೈವತ್ತು ಮಂದಿಗೆ "ಡಿಕ್ಕಿಯಾದಾಗ ಎಷ್ಟು ವೇಗ ಇತ್ತು?" ಎಂದೂ ಕೇಳಿದರು. ಉಳಿದವರಿಗೆ ವೇಗದ ಪ್ರಶ್ನೆಯನ್ನೇ ಕೇಳಲಿಲ್ಲ. ಒಂದು ವಾರ ಬಿಟ್ಟು ಎಲ್ಲರಿಗೂ ಒಂದೇ ಪ್ರಶ್ನೆ: ಒಡೆದ ಗಾಜು ಕಂಡಿರಾ? ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಆದರೂ "ಅಪ್ಪಳಿಸಿದ" ಎಂಬ ಮಾತು ಕೇಳಿದವರಲ್ಲಿ 16 ಮಂದಿ ಗಾಜು ಕಂಡೆವು ಎಂದರು. "ಡಿಕ್ಕಿ" ಎಂದು ಕೇಳಿದವರಲ್ಲಿ 7, ಏನೂ ಕೇಳಿಸಿಕೊಳ್ಳದವರಲ್ಲಿ 6. ಪ್ರಶ್ನೆಯಲ್ಲಿದ್ದ ಒಂದೇ ಒಂದು ಪದ ಇಲ್ಲದ ಗಾಜನ್ನು ಒಡೆದಿತ್ತು.

"ಅವನ ಕೈಯಲ್ಲಿ ಏನಾದರೂ ಇತ್ತೇ?" ಎಂದು ಕೇಳುವುದಕ್ಕೂ "ಚಾಕು ಯಾವ ಕೈಯಲ್ಲಿತ್ತು?" ಎಂದು ಕೇಳುವುದಕ್ಕೂ ಇರುವ ಅಂತರ ಈಗ ತಿಳಿಯಿತಲ್ಲ.

ಇದಲ್ಲದೆ, ನೋಡುವ ಹೊತ್ತಿನಲ್ಲೇ ಎಷ್ಟೋ ಅಡ್ಡಿಗಳಿರುತ್ತವೆ. ಕತ್ತಲೆ, ದೂರ, ಕೆಲವೇ ಸೆಕೆಂಡುಗಳ ಅವಧಿ. ಎದುರಿಗಿರುವವನ ಕೈಯಲ್ಲಿ ಪಿಸ್ತೂಲಿದ್ದರೆ ನಮ್ಮ ಕಣ್ಣು ಪಿಸ್ತೂಲಿನ ಮೇಲೆ ನೆಡುತ್ತದೆ, ಮುಖದ ಮೇಲಲ್ಲ. ಭಯ ಹೆಚ್ಚಾದಷ್ಟೂ ನೆನಪು ಗಟ್ಟಿಯಾಗುತ್ತದೆ ಎಂದು ನಾವು ತಿಳಿಯುತ್ತೇವೆ. ಅಪರಿಚಿತರ ಮುಖದ ಮಟ್ಟಿಗೆ ಅದು ಹೆಚ್ಚಾಗಿ ಉಲ್ಟಾ. ನಮ್ಮ ಸೀಮೆಯ, ನಮ್ಮ ಬಣ್ಣದ ಮುಖಗಳಿಗಿಂತ ಬೇರೆ ಜನಾಂಗದವರ ಮುಖಗಳನ್ನು ಗುರುತಿಸುವಾಗ ತಪ್ಪು ಹೆಚ್ಚು. ಈ ಊರಿಗೆ ಬಂದ ಹೊಸದರಲ್ಲಿ ಈಶಾನ್ಯ ರಾಜ್ಯಗಳ ಹುಡುಗರೆಲ್ಲ ಒಂದೇ ಥರ ಕಾಣುತ್ತಾರೆ ಎಂದು ನಮ್ಮವರು ಹೇಳುವುದನ್ನು ಕೇಳಿದ್ದೇನೆ. ಅವರಿಗೆ ನಾವೂ ಹಾಗೆಯೇ ಕಾಣುತ್ತಿರಬಹುದು.

ಕೊನೆಯದಾಗಿ ಧೈರ್ಯದ ಮಾತು. ಸಾಕ್ಷಿ ಎಷ್ಟು ಖಡಾಖಂಡಿತವಾಗಿ ಹೇಳಿದರೆ ಅಷ್ಟು ನಂಬಿಕೆ ಹುಟ್ಟುತ್ತದೆ. ಆದರೆ ಮೊದಲ ದಿನ "ಇವನೇ ಇರಬಹುದು" ಎಂದವನಿಗೆ ಯಾರಾದರೂ "ಶಾಬಾಸ್, ಸರಿಯಾಗಿ ಹಿಡಿದೆ" ಎಂದರೆ ಸಾಕು, ಕೋರ್ಟಿಗೆ ಬರುವ ಹೊತ್ತಿಗೆ ಅದು "ಇವನೇ, ಅನುಮಾನವೇ ಇಲ್ಲ" ಆಗಿರುತ್ತದೆ. ನಡುವೆ ಅವನು ಹೊಸದಾಗಿ ಏನನ್ನೂ ನೋಡಿರುವುದಿಲ್ಲ.

ಒಂದು ಮುಖ, ಹತ್ತು ವರ್ಷ

1984ರ ಜುಲೈನಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಬರ್ಲಿಂಗ್ಟನ್ ಊರಿನಲ್ಲಿ ಜೆನಿಫರ್ ಥಾಂಪ್ಸನ್ ಎಂಬ 22 ವರ್ಷದ ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರ ನಡೆಯಿತು. ಬದುಕಿ ಉಳಿದರೆ ಇವನನ್ನು ಬಿಡಬಾರದು ಎಂದುಕೊಂಡು ಆಕೆ ಅವನ ಮುಖವನ್ನು ಬೇಕೆಂದೇ ಗಮನವಿಟ್ಟು ನೋಡಿದಳು. ಪೊಲೀಸರು ತೋರಿಸಿದ ಫೋಟೋಗಳಲ್ಲಿ ರೊನಾಲ್ಡ್ ಕಾಟನ್ ಎಂಬವನನ್ನು ಆರಿಸಿದಳು. ಆಮೇಲೆ ಸಾಲಿನಲ್ಲಿ ನಿಲ್ಲಿಸಿದವರಲ್ಲೂ ಅವನನ್ನೇ ತೋರಿಸಿದಳು. ಎರಡೂ ಕಡೆ ಇದ್ದವನು ಅವನೊಬ್ಬನೇ. ಫೋಟೋದಲ್ಲಿ ಆರಿಸಿದವನನ್ನೇ ಇಲ್ಲೂ ಆರಿಸಿದಿರಿ ಎಂದು ಪೊಲೀಸರು ಹೇಳಿದಾಗ ಆಕೆಗೆ ನೆಮ್ಮದಿಯಾಯಿತು. 1985ರಲ್ಲಿ ಅವನಿಗೆ ಶಿಕ್ಷೆಯಾಯಿತು.

ಅದೇ ಜೈಲಿನಲ್ಲಿ ಬಾಬಿ ಪೂಲ್ ಎಂಬ ಇನ್ನೊಬ್ಬ ಕೈದಿ ಇದ್ದ. ನೋಡಲು ಕಾಟನ್‌ನಂತೆಯೇ. ಎರಡನೆಯ ವಿಚಾರಣೆಯಲ್ಲಿ ಪೂಲ್‌ನನ್ನು ಆಕೆಯ ಎದುರು ತಂದು ನಿಲ್ಲಿಸಿದರು. ಇವನನ್ನು ನಾನು ಕಂಡೇ ಇಲ್ಲ ಎಂದಳು. 1995ರಲ್ಲಿ ಡಿಎನ್‌ಎ ಪರೀಕ್ಷೆ ನಡೆದಾಗ ಅಪರಾಧಿ ಪೂಲ್ ಎಂದು ತಿಳಿಯಿತು. ಕಾಟನ್ ಹತ್ತು ವರ್ಷಕ್ಕೂ ಮೇಲೆ ಜೈಲಿನಲ್ಲಿ ಕಳೆದಿದ್ದ. ನಿಜ ತಿಳಿದ ಮೇಲೂ ಆಕೆಯ ದುಃಸ್ವಪ್ನಗಳಲ್ಲಿ ಬರುತ್ತಿದ್ದುದು ಕಾಟನ್‌ನ ಮುಖವೇ. ನನ್ನ ನೀಲಿ ಅಂಗಿಯ ಕಳ್ಳನಿಗೆ ಹುಬ್ಬಿನ ಗಾಯ ಅಂಟಿಕೊಂಡಂತೆ ಆಕೆಯ ನೆನಪಿನಲ್ಲಿ ಒಂದು ಮುಖದ ಜಾಗಕ್ಕೆ ಇನ್ನೊಂದು ಮುಖ ಬಂದು ಕುಳಿತಿತ್ತು.

ಆಮೇಲೆ ಆಕೆ ಅವನನ್ನು ಭೇಟಿಯಾಗಿ ಕ್ಷಮೆ ಕೇಳಿದಳು. ಅವನು ಕ್ಷಮಿಸಿದ. ಇಬ್ಬರೂ ಸೇರಿ 2009ರಲ್ಲಿ ಒಂದು ಪುಸ್ತಕ ತಂದರು, ಊರೂರಿಗೆ ಹೋಗಿ ಈ ವಿಷಯ ಮಾತಾಡಿದರು. ಅವರದು ಅಪರೂಪದ ಕತೆಯೇನಲ್ಲ. ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಸಾಬೀತಾದವರಲ್ಲಿ ಸುಮಾರು ಹತ್ತರಲ್ಲಿ ಏಳು ಮಂದಿಯ ಪ್ರಕರಣದಲ್ಲಿ ಕಣ್ಸಾಕ್ಷಿಯ ತಪ್ಪು ಗುರುತಿಸುವಿಕೆ ಇತ್ತು.

ಒಬ್ಬರು ತಪ್ಪಬಹುದು, ಹಲವರು ಒಟ್ಟಿಗೆ ತಪ್ಪುವರೇ ಎಂದು ಕೇಳಬಹುದು. ತಪ್ಪುತ್ತಾರೆ. 1896ರಲ್ಲಿ ಲಂಡನ್ನಿನಲ್ಲಿ ಅಡಾಲ್ಫ್ ಬೆಕ್ ಎಂಬವನನ್ನು ಒಬ್ಬರಲ್ಲ, ಇಬ್ಬರಲ್ಲ, ಹಲವು ಮಹಿಳೆಯರು "ನಮ್ಮ ಒಡವೆ ಲಪಟಾಯಿಸಿದವನು ಇವನೇ" ಎಂದು ತೋರಿಸಿದರು. ಶಿಕ್ಷೆ ಅನುಭವಿಸಿ ಹೊರಬಂದವನನ್ನು 1904ರಲ್ಲಿ ಮತ್ತೆ ಅದೇ ಆರೋಪದ ಮೇಲೆ ಹಿಡಿದರು, ಮತ್ತೆ ಮಹಿಳೆಯರು ಗುರುತಿಸಿದರು. ಅಷ್ಟರಲ್ಲಿ ನಿಜವಾದ ಮೋಸಗಾರ ಸಿಕ್ಕಿಬಿದ್ದ. ಈ ಹಗರಣದ ಒತ್ತಡದಿಂದಲೂ 1907ರಲ್ಲಿ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಹುಟ್ಟಿತು. 1976ರ ಟರ್ನ್‌ಬುಲ್ ತೀರ್ಪಿನ ನಂತರ ಅಲ್ಲಿ ನ್ಯಾಯಾಧೀಶರು ಜ್ಯೂರಿಗೆ ಎಚ್ಚರಿಕೆ ಹೇಳಲೇಬೇಕು: ಪ್ರಾಮಾಣಿಕ ಸಾಕ್ಷಿಯೂ ತಪ್ಪಬಹುದು, ಹಲವು ಸಾಕ್ಷಿಗಳೂ ಒಟ್ಟಿಗೆ ತಪ್ಪಬಹುದು.

ಐವರು ನಳರು

ನಮ್ಮ ಕಡೆಯ ಬಯಲಾಟ ನೋಡಿದವರಿಗೆ ಗುರುತು ಪತ್ತೆ ಪರೇಡ್ ಹೊಸದಲ್ಲ. ದಮಯಂತಿಯ ಸ್ವಯಂವರ ನೆನಪಿಸಿಕೊಳ್ಳಿ. ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪ ಧರಿಸಿ ಸಾಲಾಗಿ ಕುಳಿತಿದ್ದಾರೆ. ಐದನೆಯವನು ನಿಜವಾದ ನಳ. ಎಲ್ಲರ ಮುಖವೂ ಒಂದೇ. ಮುಖವನ್ನು ನಂಬಿದ್ದರೆ ದಮಯಂತಿ ಸೋಲುತ್ತಿದ್ದಳು. ಅವಳು ಬೇರೆ ಕುರುಹು ಹುಡುಕಿದಳು. ಯಾರ ರೆಪ್ಪೆ ಬಡಿಯುತ್ತದೆ, ಯಾರ ಮೈ ಬೆವರುತ್ತದೆ, ಯಾರ ಹಾರ ಬಾಡಿದೆ, ಯಾರಿಗೆ ನೆರಳಿದೆ, ಯಾರ ಪಾದ ನೆಲ ಮುಟ್ಟಿದೆ. ಕಂಡದ್ದನ್ನು ಪ್ರಮಾಣಿಸಿ ನೋಡಿ ಆಮೇಲೆ ಹಾರ ಹಾಕಿದಳು.

ನಮ್ಮ ಕಾನೂನಿನ ಪರೇಡೂ ಹೆಚ್ಚುಕಡಿಮೆ ಇದೇ ಬಗೆಯದು. 1872ರ ಸಾಕ್ಷ್ಯ ಅಧಿನಿಯಮದ 9ನೇ ಕಲಮು ಇದಕ್ಕೆ ಆಧಾರವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ವಿಷಯ 7ನೇ ಕಲಮಿನಲ್ಲಿದೆ. ಪರೇಡ್ ಸಾಮಾನ್ಯವಾಗಿ ಜೈಲಿನಲ್ಲಿ ದಂಡಾಧಿಕಾರಿಯ ಮುಂದೆ ನಡೆಯುತ್ತದೆ. ಪೊಲೀಸರು ಅಲ್ಲಿರಬಾರದು. ಬಾಂಬೆ ಹೈಕೋರ್ಟಿನ ಕ್ರಿಮಿನಲ್ ಕೈಪಿಡಿಯ ಪ್ರಕಾರ ಒಬ್ಬ ಆರೋಪಿ ಇದ್ದರೆ ಅವನ ಜೊತೆ ಕನಿಷ್ಠ ಅರ್ಧ ಡಜನ್ ಮಂದಿ ನಿಲ್ಲಬೇಕು. ಇಬ್ಬರಿದ್ದರೆ ಹತ್ತು ಹನ್ನೆರಡು ಮಂದಿ. ಒಂದು ಸಾಲಿನಲ್ಲಿ ಇಬ್ಬರಿಗಿಂತ ಹೆಚ್ಚು ಆರೋಪಿಗಳು ಕೂಡದು. ಜೊತೆಗೆ ನಿಲ್ಲುವವರು ವಯಸ್ಸು, ಎತ್ತರ, ಮೈಕಟ್ಟಿನಲ್ಲಿ ಆರೋಪಿಯನ್ನು ಹೋಲಬೇಕು. ಗಡ್ಡದವನನ್ನು ಆರು ಮಂದಿ ನುಣ್ಣಗೆ ಬೋಳಿಸಿಕೊಂಡವರ ನಡುವೆ ನಿಲ್ಲಿಸಿದರೆ ಅದು ಪರೀಕ್ಷೆಯಲ್ಲ, ಉತ್ತರ ಬರೆದಿಟ್ಟ ಪ್ರಶ್ನೆಪತ್ರಿಕೆ.

ಟಿವಿಯಲ್ಲಿ ಆರೋಪಿಗಳ ಮುಖಕ್ಕೆ ಕಪ್ಪು ಬಟ್ಟೆ ಹೊದಿಸಿ ಕರೆದೊಯ್ಯುವುದನ್ನು ಕಂಡು "ಇವನ ಮಾನ ಕಾಪಾಡುವುದೇಕೆ?" ಎಂದು ಸಿಡುಕುವವರಿದ್ದಾರೆ. ಅದರ ಮುಖ್ಯ ಕಾರಣ ಮಾನವಲ್ಲ, ಈ ಪರೇಡು. ಪರೇಡಿಗೆ ಮೊದಲೇ ಸಾಕ್ಷಿಯು ಆರೋಪಿಯ ಮುಖವನ್ನು ಠಾಣೆಯಲ್ಲೋ, ಪೇಪರಿನಲ್ಲೋ, ವಾಟ್ಸಾಪಿನಲ್ಲೋ ಕಂಡುಬಿಟ್ಟರೆ ಮುಂದೆ ಅವನು ಗುರುತಿಸುವುದು ಘಟನೆಯಲ್ಲಿ ಕಂಡ ಮುಖವನ್ನೋ ಫೋಟೋದಲ್ಲಿ ಕಂಡ ಮುಖವನ್ನೋ ಎಂದು ಹೇಳಲು ಸಾಧ್ಯವಿಲ್ಲ. ಕೇರಳದ ಗಿರೀಶನ್ ನಾಯರ್ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟು ಆರೋಪಿಗಳನ್ನು ಖುಲಾಸೆ ಮಾಡಿದ್ದು, ಪರೇಡಿಗೆ ಮೊದಲೇ ಸಾಕ್ಷಿಗಳಿಗೆ ಅವರನ್ನು ನೋಡುವ ಅವಕಾಶ ಸಿಕ್ಕಿತ್ತು ಎಂಬ ಕಾರಣದಿಂದ.

ಪರೇಡಿನಲ್ಲಿ ಗುರುತಿಸಿದ ಮಾತ್ರಕ್ಕೆ ಶಿಕ್ಷೆಯಾಗುವುದಿಲ್ಲ. ಅದು ತನಿಖೆ ಸರಿಯಾದ ದಾರಿಯಲ್ಲಿದೆಯೇ ಎಂದು ತಿಳಿಯಲು ಇರುವ ಒರೆಗಲ್ಲು. ಸಾಕ್ಷ್ಯವೆನಿಸುವುದು ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದ ಮಾತು. 1970ರ ಬುದ್ಧಸೇನ್ ಪ್ರಕರಣದಿಂದ ಇತ್ತೀಚಿನವರೆಗೆ ಸುಪ್ರೀಂ ಕೋರ್ಟು ಇದನ್ನು ಹೇಳುತ್ತಲೇ ಬಂದಿದೆ. ಆದರೆ ಕೋರ್ಟಿನಲ್ಲಿ ಗುರುತಿಸುವುದರಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಕಟಕಟೆಯಲ್ಲಿ ನಿಂತವನು ಒಬ್ಬನೇ. ಐವರು ನಳರಿಲ್ಲ. "ಇವನೇನಾ?" ಎಂದು ಹವಾಲ್ದಾರ್ ನನ್ನನ್ನು ಕೇಳಿದ ಹಾಗೆಯೇ ಅದೂ. ಅದಕ್ಕೇ 1979ರ ಕಣ್ಣನ್ ಪ್ರಕರಣದಲ್ಲಿ, ಮೊದಲು ಪರೇಡ್ ನಡೆಸದೆ ಅಪರಿಚಿತನನ್ನು ಮೊದಲ ಬಾರಿಗೆ ಕೋರ್ಟಿನಲ್ಲೇ ಗುರುತಿಸಿದರೆ ಅದಕ್ಕೆ ಬೆಲೆಯಿಲ್ಲ ಎಂದಿತು ಸುಪ್ರೀಂ ಕೋರ್ಟು. 2003ರ ಮಲ್ಖಾನ್ ಸಿಂಗ್ ಪ್ರಕರಣದಲ್ಲಿ, ಪರೇಡ್ ಕಡ್ಡಾಯವಲ್ಲ, ಸಾಕ್ಷಿ ನಂಬುವಂತಿದ್ದರೆ ಕೋರ್ಟಿನ ಗುರುತಿಸುವಿಕೆಯೂ ಸಾಕು ಎಂದಿತು. ಎರಡೂ ಮಾತು ಇಂದಿಗೂ ಬಳಕೆಯಲ್ಲಿವೆ, ಯಾವುದು ಯಾವಾಗ ಸಲ್ಲುತ್ತದೆ ಎಂಬುದು ನ್ಯಾಯಾಧೀಶರ ವಿವೇಚನೆ. ಪರೇಡಿಗೆ ನಿಲ್ಲುವುದಿಲ್ಲ ಎಂದು ಆರೋಪಿ ಹಟ ಹಿಡಿಯುವಂತಿಲ್ಲ, ಅದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದು 2023ರ ಮುಕೇಶ್ ಸಿಂಗ್ ತೀರ್ಪು ಸ್ಪಷ್ಟಪಡಿಸಿದೆ.

ಇಂತಿಷ್ಟೇ ಸಾಕ್ಷಿಗಳು ಇರಬೇಕು ಎಂಬ ನಿಯಮ ನಮ್ಮ ಕಾನೂನಿನಲ್ಲಿಲ್ಲ. ನಂಬಿಕೆಗೆ ಅರ್ಹನಾದ ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ಶಿಕ್ಷೆಯಾಗಬಹುದು. ಆ ಒಬ್ಬ ನಾನೋ ನೀವೋ ಆಗಿರಬಹುದು ಎಂಬುದನ್ನು ಮರೆಯಬಾರದು.

ಹಾಗಾದರೆ ಕಣ್ಸಾಕ್ಷಿಯೇ ಬೇಡವೇ?

ಹಾಗೇನಿಲ್ಲ. ಕಣ್ಸಾಕ್ಷಿಗಳಿಲ್ಲದೆ ಎಷ್ಟೋ ಅಪರಾಧಗಳು ಕತ್ತಲಲ್ಲೇ ಉಳಿಯುತ್ತವೆ. 2008ರ ನವೆಂಬರ್ 26ರ ದಾಳಿಯ ಪ್ರಕರಣವನ್ನೇ ನೋಡಿ. ಸಿಎಸ್‌ಟಿಯಲ್ಲಿ ಗುಂಡೇಟು ತಿಂದ ಒಂಬತ್ತು ವರ್ಷದ ಹುಡುಗಿ ಊರುಗೋಲು ಹಿಡಿದು ಕೋರ್ಟಿಗೆ ಬಂದು ಕಸಬ್‌ನನ್ನು ತೋರಿಸಿದಳು. ಆದರೆ ಆ ಪ್ರಕರಣ ಅವಳ ಒಂದೇ ನೆನಪಿನ ಮೇಲೆ ನಿಂತಿರಲಿಲ್ಲ. ಸ್ಟೇಷನ್ನಿನ ಸಿಸಿಟಿವಿ ಇತ್ತು, ಪತ್ರಿಕಾ ಛಾಯಾಗ್ರಾಹಕ ಸೆಬಾಸ್ಟಿಯನ್ ಡಿಸೋಜಾ ತೆಗೆದ ಫೋಟೋಗಳಿದ್ದವು, ಆತ ಸೆರೆ ಸಿಕ್ಕಿದ್ದ. ಕಣ್ಣು ಹೇಳಿದ್ದಕ್ಕೆ ಬೇರೆ ಪ್ರಮಾಣಗಳೂ ಜೊತೆಗೂಡಿದವು.

ಗುರುತು ಹಿಡಿಸುವ ಕ್ರಮವನ್ನು ಸುಧಾರಿಸುವುದು ಬಹಳ ಖರ್ಚಿನ ಕೆಲಸವೂ ಅಲ್ಲ. ಸಾಲಿನಲ್ಲಿ ಆರೋಪಿ ಯಾರು ಎಂದು ತಿಳಿಯದವರೇ ಪರೇಡ್ ನಡೆಸುವುದು, "ಅವನು ಈ ಸಾಲಿನಲ್ಲಿ ಇರದೆಯೂ ಇರಬಹುದು" ಎಂದು ಸಾಕ್ಷಿಗೆ ಮೊದಲೇ ಹೇಳುವುದು, ಎಷ್ಟು ಖಚಿತ ಎಂಬುದನ್ನು ಆ ಕ್ಷಣವೇ ಸಾಕ್ಷಿಯ ಮಾತಿನಲ್ಲೇ ಬರೆದುಕೊಳ್ಳುವುದು, ಎಲ್ಲವನ್ನೂ ವಿಡಿಯೋ ಮಾಡುವುದು. ಸಂಶೋಧಕರು ಬಹುಕಾಲದಿಂದ ಹೇಳುತ್ತಿರುವ ಸಲಹೆಗಳಿವು. ನಮ್ಮಲ್ಲಿ ಸಾಕ್ಷಿಯು ಅಂಗವಿಕಲರಾಗಿದ್ದಾಗ ಪರೇಡನ್ನು ವಿಡಿಯೋ ಮಾಡಬೇಕು ಎಂದು ಕಾನೂನೇ ಹೇಳುತ್ತದೆ. ಅದನ್ನು ಎಲ್ಲರಿಗೂ ವಿಸ್ತರಿಸಲು ಅಡ್ಡಿಯೇನು?

ಹೊರನಾಡಿನಲ್ಲಿ ಸಾಕ್ಷಿಯಾದರೆ

ನಮ್ಮೂರ ಕಡೆಯವರೇ ಆದ ಒಬ್ಬ ಹೋಟೆಲ್ ಕ್ಯಾಶಿಯರು ಒಂದು ಸರಗಳ್ಳತನಕ್ಕೆ ಸಾಕ್ಷಿಯಾಗಿ ಪರೇಡಿಗೆ ಹೋಗಿ ಬಂದ ಕತೆ ಹೇಳಿದ್ದರು. "ಮಾರಾಯ್ರೇ, ಏಳು ಜನ ನಿಂತಿದ್ರು. ಇಷ್ಟು ದೂರ ಕರೆಸಿದ್ದಾರೆ ಅಂದ್ರೆ ಇದ್ರಲ್ಲಿ ಒಬ್ಬ ಇರ್ಲೇಬೇಕು ಅಂತ ಅನ್ನಿಸ್ತು. ಮೂರನೆಯವ ಸ್ವಲ್ಪ ಹಾಗೇ ಕಾಣ್ತಿದ್ದ. ತೋರಿಸಿ ಬಿಡುವಾ ಅಂತ ಕೈ ಎತ್ತಿದೆ."

"ತೋರಿಸಿದ್ರಾ?" ಎಂದು ಕೇಳಿದೆ.

"ಇಲ್ಲ. ಊರಲ್ಲಿರುವ ಮಗನ ನೆನಪಾಯ್ತು. ಅದೇ ಪ್ರಾಯ. ಗೊತ್ತಾಗ್ತಾ ಇಲ್ಲ ಅಂತ ಹೇಳಿ ಬಂದೆ. ದಿನ ಹಾಳಾಯ್ತು ಅಂತ ಸೇಠ್ ಬೈದ್ರು."

ಏಳರಲ್ಲಿ ಹೆಚ್ಚು ಹೋಲುವವನನ್ನು ಆರಿಸುವುದು ಬೇರೆ, ಕಂಡವನನ್ನು ಗುರುತಿಸುವುದು ಬೇರೆ. ಆ ಕ್ಯಾಶಿಯರಿಗೆ ಇದನ್ನು ಯಾರೂ ಕಲಿಸಿರಲಿಲ್ಲ. "ಗೊತ್ತಿಲ್ಲ" ಎಂಬ ಅವರ ಒಂದು ಮಾತು ಅಂದು ಒಬ್ಬ ನಿರಪರಾಧಿಯನ್ನು ಉಳಿಸಿರಬಹುದು.

ಬೆಳಗಿನ ಜಾವ ಬಾಗಿಲು ತೆರೆದು ನಡುರಾತ್ರಿ ಮುಚ್ಚುವ ಹೋಟೆಲು, ಅಂಗಡಿಗಳಲ್ಲಿ ದುಡಿಯುವ ನಮ್ಮವರು ಇಂಥ ಘಟನೆಗಳಿಗೆ ಸಾಕ್ಷಿಯಾಗುವುದು ಸಹಜ. ಅವರಿಗಾಗಿ ಕೆಲವು ಮಾತು.

ಘಟನೆ ಕಂಡ ಕೂಡಲೇ, ಯಾರೊಂದಿಗೂ ಚರ್ಚಿಸುವ ಮೊದಲು, ಕಂಡದ್ದನ್ನು ಕಂಡಷ್ಟೇ ಬರೆದಿಡಿ. ಬೆಳಕು ಎಷ್ಟಿತ್ತು, ಎಷ್ಟು ದೂರದಿಂದ ಕಂಡಿರಿ, ಎಷ್ಟು ಹೊತ್ತು ಕಂಡಿರಿ ಎಂಬುದೂ ಇರಲಿ. ಮುಖ ಕಾಣದಿದ್ದರೆ ಕಾಣಲಿಲ್ಲ ಎಂದೇ ಬರೆಯಿರಿ.

ಹೇಳಿಕೆ ಕೊಡುವಾಗ ಭಾಷೆಯ ಬಗ್ಗೆ ಎಚ್ಚರವಿರಲಿ. ನಾವು ಮನಸ್ಸಿನಲ್ಲಿ "ಎಣ್ಣೆಗೆಂಪು" ಎಂದುಕೊಂಡು ಹೇಳಿದ್ದು ಮರಾಠಿಯಲ್ಲಿ "ಸಾವಳಾ" ಎಂದು ಬರೆದಾಗ ಮನುಷ್ಯ ಒಂದು ಬಣ್ಣ ಕಪ್ಪಾಗಿರುತ್ತಾನೆ. "ಸಪೂರ" ಎಂದದ್ದು "ಸಡಪಾತಳ" ಆದರೆ ಸರಿ, "ಕುಳ್ಳ" ಆದರೆ ಕಷ್ಟ. ಬರೆದುಕೊಂಡದ್ದನ್ನು ಓದಿಸಿ ಕೇಳಿ, ತಿಳಿಯದಿದ್ದರೆ ತಿಳಿಯುವ ಭಾಷೆಯಲ್ಲಿ ವಿವರಿಸಲು ಹೇಳಿ. ತನಿಖೆಯ ವೇಳೆ ಪೊಲೀಸರ ಮುಂದೆ ಕೊಡುವ ಹೇಳಿಕೆಗೆ ಸಾಕ್ಷಿಯ ಸಹಿ ಬೇಕಿಲ್ಲ ಎಂಬುದೂ ತಿಳಿದಿರಲಿ. ಕೋರ್ಟಿನಲ್ಲಿ ನಿಮ್ಮ ಭಾಷೆಯಲ್ಲೇ ಸಾಕ್ಷಿ ಹೇಳುತ್ತೇನೆ ಎಂದು ಕೇಳಿಕೊಳ್ಳಲು ಸಂಕೋಚ ಬೇಡ.

ಆರೋಪಿಯ ಫೋಟೋ ಗ್ರೂಪಿನಲ್ಲಿ ಬಂದರೆ ನೋಡಬೇಡಿ, ನೋಡಿದ್ದರೆ ನೋಡಿದ್ದೇನೆ ಎಂದು ಹೇಳಿ. ಪರೇಡಿನಲ್ಲಿ ಯಾರನ್ನೂ ತೋರಿಸದೆ ಬಂದರೆ ಅದು ಸೋಲಲ್ಲ. ಖಚಿತವಿದ್ದರೆ ಹೆದರದೆ ಹೇಳಿ, ಅರೆಖಚಿತವಿದ್ದರೆ ಅರೆಖಚಿತ ಎಂದೇ ಹೇಳಿ. ಪಾಟೀಸವಾಲಿನಲ್ಲಿ ವಕೀಲರು ಕಾಡಿದಾಗ ಬೇಸರ ಬೇಡ. ಪ್ರಮಾಣಿಸಿ ನೋಡುವುದು ಎಂದರೆ ಅದೇ.

ತಪ್ಪು ಮನುಷ್ಯ ಜೈಲಿಗೆ ಹೋದರೆ ಅನ್ಯಾಯ ಒಬ್ಬನಿಗೆ ಮಾತ್ರ ಆಗುವುದಿಲ್ಲ. ಸರಿಯಾದ ಮನುಷ್ಯ ಹೊರಗೆ ಉಳಿಯುತ್ತಾನೆ, ಸತ್ತವರ ಮನೆಯವರಿಗೂ ನ್ಯಾಯ ಸಿಗುವುದಿಲ್ಲ. 2006ರಲ್ಲಿ ತಮ್ಮವರನ್ನು ಕಳೆದುಕೊಂಡವರು ಇಷ್ಟು ವರ್ಷಗಳ ನಂತರವೂ ಬಾಂಬು ಇಟ್ಟವರು ಯಾರು ಎಂದು ಕೇಳುತ್ತಿದ್ದಾರೆ. ಆ ಪ್ರಶ್ನೆಗೆ ಉತ್ತರ ಕೊಡಲು ಗಟ್ಟಿಯಾದ ಸಾಕ್ಷ್ಯ ಬೇಕು. ಗಟ್ಟಿ ದನಿಯಲ್ಲಿ ಹೇಳಿದ ಸಾಕ್ಷ್ಯ ಸಾಲದು.

ನಾನು ಈಗಲೂ ಕೆಲವೊಮ್ಮೆ ಆ ಸೇತುವೆಯ ಮೆಟ್ಟಿಲಿಳಿಯುತ್ತೇನೆ. ಆ ಹುಡುಗನಿಗೆ ಈಗ ಐವತ್ತರ ಹತ್ತಿರ ಇರಬೇಕು. ಎದುರಿಗೆ ಬರುವವರ ಎಡ ಹುಬ್ಬನ್ನು ನನಗರಿವಿಲ್ಲದೆ ನೋಡುತ್ತೇನೆ. ಕ್ಷಮೆ ಕೇಳಬೇಕೆಂದಿದೆ. ಆದರೆ ಯಾವುದಾದರೂ ಹುಬ್ಬಿನ ಮೇಲೆ ಗೆರೆ ಕಂಡರೂ "ಇವನೇ" ಎಂದು ಹೇಳುವ ಧೈರ್ಯ ಈಗ ನನಗಿಲ್ಲ.